ಗುರುವಾರವೋ, ಮೈನಸ್ ಮೂರೋ?

ಭಾನುವಾರಕ್ಕೆ 0, ಸೋಮವಾರಕ್ಕೆ 1, ಹೀಗೆ ಶನಿವಾರಕ್ಕೆ 6 ಎಂದು ಅಂಕಿ ಕೊಡೋಣ. ಭಾನುವಾರಕ್ಕಿಂತ ಮೂರು ದಿನ ಹಿಂದೆ ಯಾವ ವಾರ? ಸೊನ್ನೆಯಲ್ಲಿ ಮೂರು ಕಳೆದು, ಏಳರಿಂದ ಭಾಗಿಸಿ, ಶೇಷ ನೋಡಿದರಾಯಿತು. ಪೈಥಾನ್‌ನಲ್ಲಿ ‘-3 % 7’ ಎಂದು ಬರೆದರೆ 4 ಬರುತ್ತದೆ, ಅಂದರೆ ಗುರುವಾರ. ಸಿ ಭಾಷೆಯಲ್ಲೂ ಅದನ್ನೇ, ಒಂದು ಚಿಹ್ನೆಯೂ ಬದಲಾಗದಂತೆ ಬರೆಯಬಹುದು. ಉತ್ತರ ಮಾತ್ರ -3. ಅಂಥ ವಾರವೇ ಇಲ್ಲ.

ಎರಡೂ ಲೆಕ್ಕ ಸರಿಯೇ. ಮೈನಸ್ ಮೂರನ್ನು ಏಳರಿಂದ ಭಾಗಿಸಿದಾಗ ಬರುವ ಋಣ ಭಿನ್ನರಾಶಿಯನ್ನು ಪೈಥಾನ್ ಕೆಳಗಿನ ಪೂರ್ಣಾಂಕ -1ಕ್ಕೆ ಇಳಿಸುತ್ತದೆ, ಸಿ ಸೊನ್ನೆಯ ಕಡೆಗೆ ಎಳೆಯುತ್ತದೆ. ಭಾಗಲಬ್ಧ ಬೇರೆಯಾದ ಮೇಲೆ ಶೇಷವೂ ಬೇರೆಯೇ. ಸಿ ಭಾಷೆಯಲ್ಲಿ ಈ ನಿಯಮ ಖಚಿತವಾದದ್ದು 1999ರ ಮಾನಕದಲ್ಲಿ. ಅದಕ್ಕೂ ಮೊದಲು ಯಾವ ಕಡೆಗೆ ಎಳೆಯಬೇಕೆಂಬುದು ಆಯಾ ಕಂಪೈಲರಿಗೆ ಬಿಟ್ಟ ವಿಷಯವಾಗಿತ್ತು.

ಒಂದು ಭಾಷೆಯ ಪ್ರೋಗ್ರಾಮನ್ನು ಇನ್ನೊಂದಕ್ಕೆ ಇಳಿಸುವ ಕಂಪೈಲರಿಗೆ ವ್ಯಾಕರಣ ದೊಡ್ಡ ತೊಡಕಲ್ಲ. ಆವರಣ, ಅಲ್ಪವಿರಾಮಗಳನ್ನು ಬಿಡಿಸುವ ವಿದ್ಯೆ ದಶಕಗಳ ಹಿಂದೆಯೇ ಪಳಗಿದೆ. ನನ್ನ ಮಟ್ಟಿಗೆ ನಿಜವಾದ ಅಪಾಯ ಇರುವುದು ಹೋಲಿಕೆಯಲ್ಲೇ. ಪೈಥಾನನ್ನು ಸಿ ಭಾಷೆಗೆ ಇಳಿಸುವ ಸೈಥಾನ್, ಪ್ರತಿ ಭಾಗಾಕಾರದ ಸುತ್ತ ಪೈಥಾನ್ ನಿಯಮ ಕಾಯುವ ಹೆಚ್ಚುವರಿ ಸಾಲುಗಳನ್ನು ಸೇರಿಸುತ್ತದೆ. ಅದರಿಂದ ವೇಗ ತಗ್ಗುತ್ತದೆ. ವೇಗವೇ ಮುಖ್ಯ ಎನ್ನುವವರು ಆ ಕಾವಲನ್ನು ತೆಗೆಸಬಹುದು, ಆಗ ಸಿ ಕೊಡುವ ಉತ್ತರಕ್ಕೆ ಒಪ್ಪಬೇಕು.

ಹತ್ತು ಭಾಷೆ, ಐದು ಬಗೆಯ ಯಂತ್ರ ಇದ್ದರೆ ಐವತ್ತು ಕಂಪೈಲರ್ ಬೇಕೇ? ನಡುವೆ ಒಂದು ಸಾಮಾನ್ಯ ಭಾಷೆ ಇಟ್ಟುಕೊಂಡರೆ ಹದಿನೈದು ತುಣುಕು ಸಾಕು. 1958ರಲ್ಲೇ ‘ಅನ್‌ಕಾಲ್’ ಎಂಬ ಹೆಸರಿನಲ್ಲಿ ಈ ಯೋಚನೆ ಬಂದಿತ್ತು, ಪೂರ್ತಿ ಕೈಗೂಡಲಿಲ್ಲ. 2000ದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ ಲ್ಯಾಟ್ನರ್ ಮತ್ತು ವಿಕ್ರಮ್ ಆಡ್ವೆ ಶುರುಮಾಡಿದ ಎಲ್‌ಎಲ್‌ವಿಎಂ ಆ ಕನಸಿಗೆ ತುಂಬ ಹತ್ತಿರ ಬಂದಿದೆ. ಸಿ, ಸಿ++, ಸ್ವಿಫ್ಟ್, ರಸ್ಟ್ ಎಲ್ಲವೂ ಅದರ ಮೂಲಕ ಯಂತ್ರಕ್ಕೆ ಇಳಿಯುತ್ತವೆ.

ಆದರೆ ನಡುವಿನ ಭಾಷೆಗೂ ತನ್ನದೇ ನಂಬಿಕೆಗಳಿರುತ್ತವೆ. 2011ರ ಸಿ++ ಮಾನಕದಂತೆ, ಹೊರಗೆ ಕಾಣುವ ಯಾವ ಕೆಲಸವನ್ನೂ ಮಾಡದ ಲೂಪ್ ಎಂದಾದರೂ ಮುಗಿಯುತ್ತದೆ ಎಂದು ಕಂಪೈಲರ್ ಭಾವಿಸಬಹುದು. ರಸ್ಟ್‌ನಲ್ಲಿ ಕೊನೆಯಿಲ್ಲದ ಖಾಲಿ ಲೂಪ್ ಪೂರ್ತಿ ಸಮ್ಮತ. ಪುಟ್ಟ ಸಾಧನಗಳಲ್ಲಿ ‘ಇನ್ನು ಇಲ್ಲೇ ನಿಲ್ಲು’ ಎನ್ನಲು ಅದನ್ನು ಬಳಸುತ್ತಾರೆ. ಎಲ್‌ಎಲ್‌ವಿಎಂ ಸಿ++ನ ಭಾವನೆಯನ್ನೇ ರಸ್ಟ್‌ಗೂ ಹಚ್ಚಿ, ಕೆಲವೊಮ್ಮೆ ಆ ಲೂಪನ್ನೇ ಅಳಿಸಿಬಿಡುತ್ತಿತ್ತು. ಎಂದೂ ತಲುಪಬಾರದ ಸಾಲುಗಳಿಗೆ ಪ್ರೋಗ್ರಾಂ ಜಾರುತ್ತಿತ್ತು. ಸುರಕ್ಷತೆಯೇ ಪ್ರಾಣವಾದ ಭಾಷೆಯಲ್ಲಿ, ಬರೆದವರ ತಪ್ಪೇನೂ ಇಲ್ಲದೆ ಪ್ರೋಗ್ರಾಂ ಕುಸಿಯುತ್ತಿತ್ತು.

ಈ ದೋಷ ವರ್ಷಗಟ್ಟಲೆ ಉಳಿಯಿತು. 2021ರಲ್ಲಿ ಬಂದ ಎಲ್‌ಎಲ್‌ವಿಎಂನ 12ನೇ ಆವೃತ್ತಿ ಆ ಭಾವನೆಯನ್ನು ಎಲ್ಲರ ಮೇಲೂ ಹೇರುವುದನ್ನು ಬಿಟ್ಟಿತು. ಈಗ ‘ಇದು ಮುಂದೆ ಸಾಗಲೇಬೇಕು’ ಎಂಬ ಗುರುತು ಇರುವ ಫಂಕ್ಷನ್ ಅಥವಾ ಲೂಪಿಗೆ ಮಾತ್ರ ಅದು ಅನ್ವಯ. ಸಿ++ ಕಂಪೈಲರ್ ಆ ಗುರುತು ಹಾಕುತ್ತದೆ, ರಸ್ಟ್ ಕಂಪೈಲರ್ ಹಾಕುವುದಿಲ್ಲ.