ಸಿಸಿ ಕೇಳಬ್ಯಾಡ್ರಿ, ಟಯರ್ ನೋಡ್ರಿ!

* ಹವ್ಯಾಸಿ ಬೈಕ್ ರೇಸ್: ಸೆಕೆಂಡು ಉಳಿಯೋದು ತಿರುವಿನಲ್ಲಿ

ಸೋಲಾಪುರ: ಸಂಜೆ ಹೊತ್ತು ಅಕ್ಕಲಕೋಟ ರಸ್ತೆಯ ಯಾವ ಗ್ಯಾರೇಜಿನ ಮುಂದೆ ನಿಂತರೂ ಹುಡುಗರ ಮಾತು ಒಂದೇ. ‘ಗಾಡಿ ಎಷ್ಟು ಸಿಸಿ? ಟಾಪ್ ಎಷ್ಟ ಹೋಗತೈತಿ?’ ಅರ್ಧ ಕನ್ನಡ, ಅರ್ಧ ಮರಾಠಿ. ಕೈಯಾಗ ರೊಕ್ಕ ಕೂಡಿತೆಂದರೆ ಮೊದಲು ಸೈಲೆನ್ಸರ್ ಬದಲು, ಆಮೇಲೆ ಏರ್ ಫಿಲ್ಟರ್ ಬದಲು. ಟಯರ್ ಮಾತ್ರ ಸವೆದು ನುಣ್ಣಗಾಗಿದ್ದರೂ ‘ಇನ್ನಾ ಒಂದ್ ವರ್ಷ ನಡೀತದ ಬಿಡ್ರಿ’ ಎಂಬ ಉತ್ತರ.

ಇದೇ ಹುಡುಗರು ನಿಜವಾದ ರೇಸ್ ಟ್ರ್ಯಾಕಿಗೆ ಇಳಿದರೆ ಮೊದಲ ದಿನವೇ ಪಾಠ ಸಿಗುತ್ತದೆ. ನೇರ ದಾರಿಯಲ್ಲಿ ಹಿಂದೆ ಹಾಕಿದ ಸಣ್ಣ ಗಾಡಿಯೇ ತಿರುವಿನಲ್ಲಿ ಒಳಗಿನಿಂದ ನುಗ್ಗಿ ಮುಂದೆ ಹೋಗಿರುತ್ತದೆ. ಎರಡಕ್ಕೂ ಇರುವ ವ್ಯತ್ಯಾಸ ಸವಾರನ ಕಸುಬು ಮತ್ತು ಎರಡು ವಸ್ತುಗಳು. ಒಂದು ಟಯರ್, ಇನ್ನೊಂದು ಶಾಕಪ್.

ಟ್ರ್ಯಾಕ್ ದೂರ, ಆಸೆ ಹತ್ತಿರ

ದೇಶದಲ್ಲಿ ಬೈಕ್ ರೇಸಿಗೆ ತಕ್ಕ ದೊಡ್ಡ ಟ್ರ್ಯಾಕುಗಳು ಬೆರಳೆಣಿಕೆಯಷ್ಟು. ಕೊಯಮತ್ತೂರು ಸಮೀಪದ ಕರಿ ಮೋಟಾರ್ ಸ್ಪೀಡ್‌ವೇ 2.1 ಕಿ.ಮೀ. ಉದ್ದ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್ ಸುಮಾರು 3.7 ಕಿ.ಮೀ., 12 ತಿರುವು. ಗ್ರೇಟರ್ ನೊಯ್ಡಾದ ಬುದ್ಧ ಸರ್ಕ್ಯೂಟ್ 5.125 ಕಿ.ಮೀ.; 2023ರಲ್ಲಿ ಮೋಟೋ ಜಿಪಿ ನಡೆದದ್ದು ಅಲ್ಲಿಯೇ. ಗಡಿ ಭಾಗದ ಹುಡುಗರಿಗೆ ಇವೆಲ್ಲ ದೂರದ ಊರು. ಆದರೂ ಕನ್ನಡದ ನಂಟು ಇಲ್ಲದಿಲ್ಲ. ಎಲ್ಲರಿಗೂ ಒಂದೇ ಮಾದರಿ ಬೈಕ್ ಕೊಟ್ಟು ಓಡಿಸುವ ಕಾಂಟಿನೆಂಟಲ್ ಜಿಟಿ ಕಪ್‌ನ 2021ರ ಮೊದಲ ಸೀಸನ್ ಗೆದ್ದವರು ಹುಬ್ಬಳ್ಳಿಯ ಅನೀಶ್ ಶೆಟ್ಟಿ. ರೇಸಿಂಗ್‌ನಲ್ಲಿ ಹೆಸರು ಮಾಡಿದ ಟಿವಿಎಸ್ ಕಂಪನಿಯ ಕಾರ್ಖಾನೆ ಇರುವುದು ಕನ್ನಡಿಗರು ನೆಲೆಸಿದ ಹೊಸೂರಿನಲ್ಲಿ.

ಇಂಥ ಒಂದೇ ಮಾದರಿಯ ರೇಸಿನಲ್ಲಿ ಇಂಜಿನ್ ಎಲ್ಲರದೂ ಒಂದೇ. ಹಾಗಾದರೆ ಒಬ್ಬ ಮುಂದೆ, ಒಬ್ಬ ಹಿಂದೆ ಹ್ಯಾಂಗ?

ಅಂಗೈಯಷ್ಟು ರಬ್ಬರ್

ಬೈಕು ನೆಲ ಮುಟ್ಟುವುದು ಒಂದೊಂದು ಟಯರಿನ ಸುಮಾರು ಅಂಗೈಯಷ್ಟು ಜಾಗದಲ್ಲಿ. ಬ್ರೇಕ್, ಪಿಕಪ್, ತಿರುವು ಎಲ್ಲವೂ ಅಷ್ಟರ ಮೇಲೆಯೇ ನಿಂತಿದೆ.

ಲೆಕ್ಕ ಸರಳ. 30 ಮೀಟರ್ ತ್ರಿಜ್ಯದ ಅರ್ಧ ವೃತ್ತದಂಥ ತಿರುವು ಎಂದುಕೊಳ್ಳೋಣ. ಟಯರಿನ ಹಿಡಿತ 0.9 ಇದ್ದರೆ ಗಂಟೆಗೆ ಹೆಚ್ಚೆಂದರೆ 58 ಕಿ.ಮೀ. ವೇಗದಲ್ಲಿ ತಿರುಗಬಹುದು. ಹಿಡಿತ 1.1 ಆದರೆ 64 ಕಿ.ಮೀ. ದಾಟುತ್ತದೆ. ಆ ಒಂದೇ ತಿರುವಿನಲ್ಲಿ ಅರ್ಧ ಸೆಕೆಂಡು ಉಳಿತಾಯ! ಪ್ರತಿ ತಿರುವಿಗೆ ಬರೀ ಕಾಲು ಸೆಕೆಂಡು ಹಿಡಿದರೂ 12 ತಿರುವಿಗೆ 3 ಸೆಕೆಂಡು. ಆರು ಲ್ಯಾಪಿಗೆ 18 ಸೆಕೆಂಡು. ಇಂಜಿನ್ ಶಕ್ತಿ ಶೇ. 10ರಷ್ಟು ಏರಿಸಿದರೆ ಟಾಪ್ ವೇಗ ಏರುವುದು ಸುಮಾರು ಶೇ. 3 ಮಾತ್ರ. ಅದೂ ನೇರ ದಾರಿಯ ಕೊನೆಯಲ್ಲಿ.

ಮೆತ್ತನೆ ರಬ್ಬರಿನ ಟಯರ್ ಹೆಚ್ಚು ಹಿಡಿಯುತ್ತದೆ, ಬೇಗ ಸವೆಯುತ್ತದೆ. ಗಟ್ಟಿ ರಬ್ಬರ್ ಬಾಳಿಕೆ ಬರುತ್ತದೆ, ಹಿಡಿತ ಕಡಿಮೆ. ಹಳೆಯದಾದರೆ ಗೀರು ಆಳವಾಗಿದ್ದರೂ ರಬ್ಬರ್ ಕಡಕ್ ಭಾಕ್ರಿ ಆಗಿರುತ್ತದೆ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು ಎಂದರ್ಥ. ಕೊಳ್ಳುವಾಗ ಇದನ್ನು ನೋಡುವವರು ಕಡಿಮೆ.

ಇನ್ನೊಂದು ಚಟ, ದಪ್ಪ ಟಯರ್ ಹಾಕಿಸುವುದು. ರಿಮ್ ಸಣ್ಣದಿದ್ದು ಟಯರ್ ದಪ್ಪವಾದರೆ ಅಂಚು ಒಳಗೆ ಹಿಂಡಿಕೊಂಡು ಟಯರಿನ ಆಕಾರವೇ ಕೆಡುತ್ತದೆ. ತೂಕ ಹೆಚ್ಚು, ಗಾಡಿ ತಿರುಗುವುದು ನಿಧಾನ. ನೋಡಾಕ ಚಂದ, ಓಡಾಕ ತೊಂದರೆ.

ಗಾಳಿಯ ಗುಟ್ಟು

ಖರ್ಚಿಲ್ಲದ ಸುಧಾರಣೆ ಎಂದರೆ ಗಾಳಿ. ಟಯರ್ ಕಾದರೆ ಒಳಗಿನ ಒತ್ತಡ ಏರುತ್ತದೆ. 10 ಡಿಗ್ರಿ ಏರಿದರೆ ಸುಮಾರು ಒಂದೂವರೆ ಪೌಂಡ್. ಬೆಳಿಗ್ಗೆ ತಣ್ಣಗಿದ್ದಾಗ 30 ಪೌಂಡ್ ಇದ್ದ ಟಯರ್ 30 ಡಿಗ್ರಿ ಕಾದರೆ 34 ದಾಟುತ್ತದೆ. ಒತ್ತಡ ಅತಿಯಾದರೆ ನೆಲಕ್ಕೆ ತಾಗುವ ಜಾಗ ಕುಗ್ಗುತ್ತದೆ, ಗಾಡಿ ಜಾರುತ್ತದೆ. ಅದಕ್ಕೇ ಟ್ರ್ಯಾಕಿನಲ್ಲಿ ಟಯರ್ ಕಂಪನಿ ಹೇಳಿದ ಪ್ರಕಾರ ಕೆಲವು ಪೌಂಡ್ ಇಳಿಸಿ ಹೊರಡುತ್ತಾರೆ. ಟ್ರ್ಯಾಕಿನಿಂದ ಹೊರಬಂದ ಕೂಡಲೇ, ಟಯರ್ ಬಿಸಿ ಇದ್ದಾಗಲೇ ಅಳೆಯುತ್ತಾರೆ. ಮನೆಗೆ ಅದೇ ಗಾಡಿ ಮೇಲೆ ಬರುವವರು ಮತ್ತೆ ಗಾಳಿ ತುಂಬಿಸುವುದನ್ನು ಮರೆಯಬಾರದು.

ಶಾಕಪ್ ಕೆಲಸ ಮೆತ್ತಗೆ ಕೂರಿಸುವುದಲ್ಲ

ಶಾಕಪ್ ಇರುವುದು ಸೊಂಟ ನೋಯದಿರಲೆಂದು ಮಾತ್ರ ಎಂಬುದು ಹಲವರ ತಿಳುವಳಿಕೆ. ಟಯರನ್ನು ನೆಲಕ್ಕೆ ಒತ್ತಿ ಹಿಡಿಯುವುದು ಅದರ ದೊಡ್ಡ ಕೆಲಸ. ತೀರ ಬಿಗಿಯಾದರೆ ಉಬ್ಬು ತಗ್ಗಿನಲ್ಲಿ ಗಾಲಿ ನೆಲ ಬಿಟ್ಟು ಕುಣಿಯುತ್ತದೆ. ತೀರ ಸಡಿಲಾದರೆ ಬ್ರೇಕ್ ಹಿಡಿದಾಗ ಮುಂದಿನ ಫೋರ್ಕ್ ಮುಗ್ಗರಿಸುತ್ತದೆ. ಒತ್ತಿದ ಮೇಲೆ ಬೇಗ ಪುಟಿದರೆ ಗಾಡಿ ಎಗರುತ್ತದೆ. ನಿಧಾನ ಪುಟಿದರೆ ಮುಂದಿನ ಉಬ್ಬು ಬರುವಷ್ಟರಲ್ಲಿ ಇನ್ನೂ ಕುಸಿದೇ ಇರುತ್ತದೆ.

ಮೊದಲು ಮಾಡಬೇಕಾದದ್ದು ಕುಸಿತದ ಅಳತೆ. ಒಂದು ಟೇಪ್, ಇಬ್ಬರು ಗೆಳೆಯರು ಸಾಕು. ಗಾಲಿ ನೆಲ ಬಿಡುವಂತೆ ಎತ್ತಿ ಆಕ್ಸಲ್‌ನಿಂದ ಮೇಲಿನ ಒಂದು ಗುರುತಿಗೆ ಅಳೆಯಬೇಕು. ಆಮೇಲೆ ಸವಾರ ಹೆಲ್ಮೆಟ್, ಜಾಕೆಟ್ ಹಾಕಿಕೊಂಡು ಕೂತಾಗ ಮತ್ತೆ ಅಳೆಯಬೇಕು. ಸ್ಪೋರ್ಟ್ಸ್ ಬೈಕಿಗೆ ಟ್ರ್ಯಾಕಿನಲ್ಲಿ ಸಾಮಾನ್ಯವಾಗಿ 30ರಿಂದ 35 ಮಿ.ಮೀ. ವ್ಯತ್ಯಾಸ ಇರಬೇಕು. ಪ್ರೀಲೋಡ್ ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂಬುದು ತಪ್ಪು. ಗಾಡಿಯ ಎತ್ತರ ಬದಲಾಗುತ್ತದೆ, ಸ್ಪ್ರಿಂಗ್ ಅದೇ. 50 ಕಿಲೋ ಹುಡುಗನಿಗೂ 90 ಕಿಲೋ ಗಂಡಸಿಗೂ ಒಂದೇ ಸ್ಪ್ರಿಂಗ್ ಹೊಂದುವುದಿಲ್ಲ. ಸಾದಾ ಗಾಡಿಗೆ ಹೊಸ ಫೋರ್ಕ್ ಆಯಿಲ್ ಹಾಕಿಸಿದರೂ ಗುಣ ಕಾಣುತ್ತದೆ. ಅದು ಸೈಲೆನ್ಸರಿನಷ್ಟು ದುಬಾರಿಯಲ್ಲ.

ಒಮ್ಮೆಗೆ ಒಂದೇ ಬದಲಾವಣೆ ಮಾಡಬೇಕು. ಗಾಳಿ, ಕ್ಲಿಕ್, ಹವೆ, ಲ್ಯಾಪ್ ಸಮಯ ಎಲ್ಲವನ್ನೂ ಅಂಗಡಿಯ ಜಮಾ-ಖರ್ಚಿನ ಹಾಗೆ ವಹಿಯಲ್ಲಿ ಬರೆಯಬೇಕು. ಇಲ್ಲದಿದ್ದರೆ ಲಾಭ ಯಾವುದರಿಂದ, ನಷ್ಟ ಯಾವುದರಿಂದ ತಿಳಿಯುವುದೇ ಇಲ್ಲ.

ಹೈವೇ ಟ್ರ್ಯಾಕ್ ಅಲ್ಲ

ರೇಸಿನ ಟಯರ್ ಊರಲ್ಲಿ ಹಾಕಿಕೊಂಡು ಮೆರೆಯುವುದೂ ಅಪಾಯ. ಕಾಯುವ ತನಕ ಅದು ಹಿಡಿಯುವುದಿಲ್ಲ, ಊರಿನ ಓಡಾಟದಲ್ಲಿ ಅದು ಸರಿಯಾಗಿ ಕಾಯುವುದೂ ಇಲ್ಲ. ಗೀರಿಲ್ಲದ ಸ್ಲಿಕ್ ಟಯರಿಗೆ ಮಳೆ ಎಂದರೆ ಸಾಬೂನಿನ ಮೇಲೆ ಕಾಲಿಟ್ಟಂತೆ.

ಟ್ರ್ಯಾಕಿನಲ್ಲಿ ಬಿದ್ದವನಿಗೆ ಜಾರಿ ನಿಲ್ಲಲು ಜಾಗ ಇರುತ್ತದೆ, ಆಂಬುಲೆನ್ಸ್ ಕಾದಿರುತ್ತದೆ. ಪುಣೆ ಹೈವೇಯಲ್ಲಿ, ವಿಜಾಪುರ ರಸ್ತೆಯಲ್ಲಿ ಎದುರಿಗಿರುವುದು ಹಿಂದಿನ ದೀಪವಿಲ್ಲದ ಕಬ್ಬಿನ ಟ್ರಾಲಿ. ಅಪ್ಪನ ಕಬ್ಬಿನ ಬಿಲ್ಲಿನಲ್ಲಿ ಗಾಡಿ ಕೊಂಡ ಹುಡುಗ ಉಳಿದ ರೊಕ್ಕ ಮೊದಲು ಹಾಕಬೇಕಾದದ್ದು ಹೆಲ್ಮೆಟ್, ಟಯರ್, ಫೋರ್ಕ್ ಆಯಿಲಿಗೆ. ಟ್ರ್ಯಾಕಿನಲ್ಲಿ ಮೂರು ಸೆಕೆಂಡು ಉಳಿಸುವ ಅದೇ ಅಂಗೈಯಷ್ಟು ರಬ್ಬರ್, ಟ್ರಾಲಿ ಕಂಡಾಗ ಗಾಡಿಯನ್ನು ಮೂರು ಮಾರು ಮೊದಲೇ ನಿಲ್ಲಿಸಬಲ್ಲದು.