ಲೇಪಕ್ಕಿಂತ ಮೊದಲು ನೆಲ

ವಡೋದರಾ ನಗರದ ಪಶ್ಚಿಮ ಪಾರ್ಶ್ವದಲ್ಲಿರುವ ಗೋರ್ವಾ, ಸಣ್ಣ ಕೈಗಾರಿಕೆಗಳ ಎಸ್ಟೇಟನ್ನೂ ಸೊಸೈಟಿಗಳೆಂದು ಕರೆಯಲ್ಪಡುವ ಮನೆಗಳ ಸಾಲನ್ನೂ ಅಕ್ಕಪಕ್ಕದಲ್ಲಿಯೇ ಇರಿಸಿಕೊಂಡ ಪ್ರದೇಶ. ಹಗಲೆಲ್ಲ ಕಾರ್ಖಾನೆಯ ಕನ್ನಡಿಯಂತಹ ಎಪಾಕ್ಸಿ ನೆಲದ ಮೇಲೆ ಓಡಾಡಿದವನಿಗೆ, ಸಂಜೆ ಮನೆಗೆ ಬಂದು ಕಾರು ನಿಲ್ಲಿಸುವಾಗ ಎಣ್ಣೆಯ ಕಲೆ ಕುಡಿದು ಕಪ್ಪಾದ ತನ್ನ ಗ್ಯಾರೇಜಿನ ನೆಲವನ್ನು ಕಂಡು, ಇದಕ್ಕೂ ಅಂಥದೇ ಒಂದು ಲೇಪವನ್ನು ಕೊಡಿಸಬಾರದೇಕೆ ಎಂಬ ಬಯಕೆ ಹುಟ್ಟುವುದು ಸಹಜವೇ. ಆದರೆ ಕಾರ್ಖಾನೆಯ ನೆಲಕ್ಕೆ ಒದಗುವ ಸಿದ್ಧತೆ, ಮಾಡು, ತೇವ ನಿರೋಧ ಇವೆಲ್ಲ ಮನೆಯ ನೆಲಕ್ಕೆ ಒದಗಿರುವುದು ಅಪರೂಪ. ಆದುದರಿಂದ ಡಬ್ಬಿಯನ್ನು ಕೊಳ್ಳುವುದಕ್ಕಿಂತ ಮೊದಲು ನೆಲವನ್ನು ಅರಿಯತಕ್ಕದ್ದು.

ಎಪಾಕ್ಸಿಯೆಂಬುದು ಬಣ್ಣವಲ್ಲ, ಒಂದು ರಾಸಾಯನಿಕ ಸಂಯೋಗ. 1946ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಸಂಸ್ಥೆ ಅರಾಲ್ಡೈಟ್ ಎಂಬ ಅಂಟಿನ ರೂಪದಲ್ಲಿ ಲೋಕಕ್ಕೆ ಪರಿಚಯಿಸಿದ ಈ ವರ್ಗದ ರಾಳ, ಇಂದು ಗುಜರಾತಿನಲ್ಲಿಯೇ, ವಲಸಾಡ ಜಿಲ್ಲೆಯ ಅತುಲ್‌ನಲ್ಲಿ, ತಯಾರಾಗುತ್ತಿದೆ. ಒಂದು ಡಬ್ಬಿಯಲ್ಲಿ ರಾಳ, ಇನ್ನೊಂದರಲ್ಲಿ ಅದನ್ನು ಗಟ್ಟಿಗೊಳಿಸುವ ಹಾರ್ಡ್‌ನರ್. ಎರಡೂ ಕೂಡಿದ ಕ್ಷಣದಿಂದ ಬಕೀಟು ತಾನಾಗಿಯೇ ಬಿಸಿಯಾಗತೊಡಗುತ್ತದೆ, ಮತ್ತು ಗುಜರಾತಿನ ಬೇಸಗೆಯ ಮಧ್ಯಾಹ್ನದಲ್ಲಿ ಕೆಲಸಗಾರನು ರೋಲರನ್ನು ಒಂದು ಮೂಲೆಯಿಂದ ಇನ್ನೊಂದಕ್ಕೆ ತರುವಷ್ಟರಲ್ಲಿಯೇ ಬಕೀಟಿನ ತಳದಲ್ಲಿ ಮಿಶ್ರಣವು ಗಟ್ಟಿಕಟ್ಟಿ ವ್ಯರ್ಥವಾಗಬಹುದು.

ಇದಕ್ಕಿಂತಲೂ ದೊಡ್ಡ ಶತ್ರು ನೆಲದ ಕೆಳಗಿನ ತೇವ. ನಮ್ಮ ಧಾರವಾಡ ಸೀಮೆಯ ಎರೆಭೂಮಿಯನ್ನು ಬಲ್ಲವರಿಗೆ ವಡೋದರಾ ಜಿಲ್ಲೆಯ ಕರಿಮಣ್ಣಿನ ಸ್ವಭಾವವನ್ನು ವಿವರಿಸಬೇಕಾಗಿಲ್ಲ: ಮಳೆಗೆ ಉಬ್ಬುವುದು, ಬಿಸಿಲಿಗೆ ಬಿರಿಯುವುದು, ಮೇಲಿನ ಕಾಂಕ್ರೀಟಿಗೂ ಬಿರುಕನ್ನು ಹಂಚುವುದು ಅದರ ಧರ್ಮ. 2024ರ ಆಗಸ್ಟ್ ಕೊನೆಯಲ್ಲಿ ವಿಶ್ವಾಮಿತ್ರಿ ನದಿ ಉಕ್ಕಿ ವಡೋದರೆಯ ತಗ್ಗು ಪ್ರದೇಶಗಳು ಜಲಾವೃತವಾದುದನ್ನು ಊರು ಮರೆತಿಲ್ಲ. ಕೆಳಗಿನಿಂದೇರುವ ತೇವಕ್ಕೆ ಆವಿಯಾಗಿ ಹೊರಹೋಗುವ ದಾರಿ ಮುಚ್ಚಿದಾಗ, ಮೇಲಿನ ಲೇಪವು ಹಪ್ಪಳದಂತೆ ಉಬ್ಬಿ, ಉಗುರಿಗೆ ಸಿಕ್ಕಿದ ಕಡೆಯಲ್ಲೆಲ್ಲ ಸಿಪ್ಪೆಯಾಗಿ ಏಳುವುದು. ಇದನ್ನು ಮೊದಲೇ ತಿಳಿಯುವುದಕ್ಕೆ ಹೆಚ್ಚಿನ ಖರ್ಚಿಲ್ಲ. 45 ಸೆಂಟಿಮೀಟರ್ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ನೆಲಕ್ಕೆ ಅಂಟಿಸಿ, ಕನಿಷ್ಠ 16 ತಾಸು ಬಿಟ್ಟು ಎತ್ತಿ ನೋಡಬೇಕು. ಹಾಳೆಯ ಒಳಮೈಯಲ್ಲಿ ಹನಿಗಳು ಮೂಡಿದ್ದರೆ, ಅಥವಾ ಕೆಳಗಿನ ಕಾಂಕ್ರೀಟು ಸುತ್ತಲಿಗಿಂತ ಕಪ್ಪಾಗಿದ್ದರೆ, ಎಪಾಕ್ಸಿಯ ಮಾತನ್ನು ಅಲ್ಲಿಗೇ ಕೈಬಿಡುವುದು ಕ್ಷೇಮ. ಈ ಪರೀಕ್ಷೆಯನ್ನು ಒಣಗಿದ ಚಳಿಗಾಲದಲ್ಲಿ ಮಾಡಿ ಸಮಾಧಾನಪಟ್ಟುಕೊಳ್ಳದೆ, ಭೂಮಿ ನೀರುಂಡು ನಿಂತ ಮಳೆಗಾಲದ ನಡುವೆ ಮಾಡುವುದೇ ವಿವೇಕ.

ನೆಲ ಒಣಗಿದೆಯೆಂದೇ ಇಟ್ಟುಕೊಂಡರೂ ಬಿಸಿಲಿನ ಪ್ರಶ್ನೆ ಉಳಿಯುತ್ತದೆ. ಸೂರ್ಯನ ಅತಿನೇರಳೆ ಕಿರಣಗಳಿಗೆ ಎಪಾಕ್ಸಿ ಹಳದಿಯಾಗುತ್ತದೆ, ಕಾಲಕ್ರಮದಲ್ಲಿ ಮೇಲ್ಮೈ ಸುಣ್ಣದ ಪುಡಿಯಂತಾಗುತ್ತದೆ. ಗೇಟಿನಿಂದ ಬಿಸಿಲು ನೇರವಾಗಿ ಬೀಳುವ ಕಡೆಗಳಲ್ಲಿ ಮೇಲೊಂದು ಬಿಸಿಲು ತಡೆಯುವ ಪಾಲಿಯುರಿಥೇನ್ ಲೇಪ ಬೇಕಾಗುವುದು. ಬೇಗ ಒಣಗುವ, ಬಿಸಿಲನ್ನೂ ತಾಳುವ ಪಾಲಿಆಸ್ಪಾರ್ಟಿಕ್ ಲೇಪವೂ ಉಂಟು. ಆದರೆ ಅದಕ್ಕೆ ಬೆಲೆಯೂ ಹೆಚ್ಚು, ಹಚ್ಚುವವನ ಕೈಚಳಕವೂ ಹೆಚ್ಚು ಬೇಕು. ಅಗ್ಗದ ತೆಳು ಲೇಪದ ಮೇಲೆ ಬಿಸಿಯಾದ ಟೈರು ನಿಂತು ತಣಿಯುವಾಗ ಲೇಪವನ್ನು ಕಚ್ಚಿಕೊಂಡು ಕಿತ್ತೊಯ್ಯುವುದೂ ಉಂಟು.

ಹಾಗಾದರೆ ತೇವದ ನೆಲಕ್ಕೆ ಗತಿಯೇನು? ಸಿಲಿಕೇಟ್ ದ್ರಾವಣವನ್ನು ಎರೆದರೆ, ಅದು ಕಾಂಕ್ರೀಟಿನೊಳಗಿನ ಸುಣ್ಣದ ಅಂಶದೊಡನೆ ಬೆರೆತು, ರಂಧ್ರಗಳನ್ನು ಒಳಗಿನಿಂದಲೇ ಬಿಗಿಗೊಳಿಸುತ್ತದೆ. ಮೇಲೆ ಪೊರೆಯಿಲ್ಲವಾದ್ದರಿಂದ ಸಿಪ್ಪೆ ಏಳುವ ಭಯವೂ ಇಲ್ಲ, ತೇವಕ್ಕೆ ಹೊರದಾರಿಯೂ ಮುಚ್ಚದು. ಹೊಳಪು ಬಾರದು, ಎಣ್ಣೆಯ ಕಲೆ ಪೂರ್ತಿಯಾಗಿ ತಪ್ಪದು, ಧೂಳೇಳುವುದು ಮಾತ್ರ ನಿಲ್ಲುತ್ತದೆ. ಲೇಪವೇ ಬೇಡವೆನ್ನುವವರಿಗೆ ರಾಜಸ್ಥಾನದ ಒರಟು ಕೋಟಾ ಕಲ್ಲೂ ಮೋರ್ಬಿಯ ಪಾರ್ಕಿಂಗ್ ಟೈಲೂ ಇದ್ದೇ ಇವೆ.

ಯಾವುದನ್ನು ಆರಿಸಿದರೂ ಸಿದ್ಧತೆಯಲ್ಲಿ ಕೈಬಿಗಿ ಸಲ್ಲದು. ಹೊಸ ಕಾಂಕ್ರೀಟು ಕನಿಷ್ಠ 28 ದಿನ ಹದವಾಗಬೇಕು. ಹಳೆಯದಾದರೆ ಎಣ್ಣೆಯನ್ನು ಮೊದಲು ತೊಳೆದು, ಯಂತ್ರದಿಂದ ಉಜ್ಜಿಸಿ ಮೈಯನ್ನು ಒರಟುಗೊಳಿಸಬೇಕು. ಆಮ್ಲ ಸುರಿಯುವ ಸುಲಭ ಮಾರ್ಗದಲ್ಲಿ ಎಣ್ಣೆ ಹೋಗುವುದಿಲ್ಲ, ಸರಿಯಾಗಿ ತೊಳೆಯದಿದ್ದರೆ ಲವಣ ಉಳಿದು ಅಂಟನ್ನು ಕೆಡಿಸುತ್ತದೆ. ಒದ್ದೆ ಟೈರು ಬರುವ ನೆಲಕ್ಕೆ ಕೊನೆಯ ಲೇಪದಲ್ಲಿ ನುಣ್ಣನೆಯ ಮರಳು ಉದುರಿಸದೆ ಇರಬಾರದು. ಬಾಗಿಲು ಮುಚ್ಚಿದ, ಒಣಗಿದ ಗ್ಯಾರೇಜಿಗೆ ಎಪಾಕ್ಸಿ ಒಳ್ಳೆಯದೇ; ತೇವ ಸುಳಿಯುವ, ತೆರೆದ ಪಾರ್ಕಿಂಗಿಗೆ ಸಿಲಿಕೇಟ್ ಅಥವಾ ಕಲ್ಲೇ ಲೇಸು. ಪರೀಕ್ಷೆಯನ್ನು ಮಳೆಗಾಲದಲ್ಲಿ ಮಾಡಿ, ಕೆಲಸವನ್ನು ಫೆಬ್ರವರಿಯ ಹಿತವಾದ ಹವೆಯಲ್ಲಿ ಮುಗಿಸಿ. ತೇವದ ಪರೀಕ್ಷೆ ಮಾಡದೆ ದರ ಹೇಳುವ ಗುತ್ತಿಗೆದಾರನಿಗೆ ಮುಂಗಡ ಕೊಡಬೇಡಿ.