ಅಂಗ ಊನವಾದರೆ ಅನ್ನವೂ ಊನವಾಗಬೇಕೆ?

ದುಡಿಯುವ ಕೈಗೆ ಪೆಟ್ಟು ಬಿದ್ದರೆ ಇಡೀ ಸಂಸಾರವೇ ತತ್ತರಿಸುತ್ತದೆ. ಅಪಘಾತದಲ್ಲಿ ಕಾಲು ಕಳೆದುಕೊಂಡವರಿಗೆ, ದೃಷ್ಟಿ ಮಂದವಾದವರಿಗೆ ‘ಇನ್ನು ನಿಮ್ಮಿಂದಾಗದು, ರಾಜೀನಾಮೆ ಕೊಟ್ಟುಬಿಡಿ’ ಎನ್ನುವವರು ಕಚೇರಿಯಲ್ಲಿಯೂ ಇರುತ್ತಾರೆ, ಮನೆಯಲ್ಲಿಯೂ ಇರುತ್ತಾರೆ. ಹಾಗೆನ್ನುವ ಮೊದಲು ಕಾನೂನು ಏನು ಹೇಳುತ್ತದೆಂಬುದನ್ನು ನಾವೆಲ್ಲರೂ ಅರಿಯುವುದು ಒಳಿತು.

ಎಸ್.ಎಸ್.ಬಿ. ದಳದಲ್ಲಿ ಕಾನ್‌ಸ್ಟೇಬಲ್ ಆಗಿದ್ದ ಕುನಾಲ್ ಸಿಂಗ್ ಅವರ ಎಡಗಾಲನ್ನು ಗಾಯ ಕೊಳೆತುದರಿಂದ ಕತ್ತರಿಸಬೇಕಾಯಿತು. ಇಲಾಖೆಯು ಅವರನ್ನು ಅಶಕ್ತರೆಂದು ಮನೆಗೆ ಕಳುಹಿಸಿತು. ಅವರು ಸುಮ್ಮನಾಗಲಿಲ್ಲ. 1995ರ ಅಂಗವಿಕಲರ ಅಧಿನಿಯಮದ 47ನೆಯ ಕಲಮಿನಂತೆ ಅವರಿಗೆ ರಕ್ಷಣೆ ಸಲ್ಲಬೇಕೆಂದೂ, ಅಶಕ್ತತಾ ಪಿಂಚಣಿ ದೊರೆತಿದೆಯೆಂಬುದು ಅದನ್ನು ನಿರಾಕರಿಸಲು ಕಾರಣವಲ್ಲವೆಂದೂ ಸರ್ವೋಚ್ಚ ನ್ಯಾಯಾಲಯವು 2003ರಲ್ಲಿ ತೀರ್ಪಿತ್ತಿತು. ರಕ್ಷಣೆಯಿಲ್ಲದಿದ್ದರೆ ನೌಕರನೊಡನೆ ಅವನನ್ನು ನಂಬಿದವರೂ ನರಳುವರೆಂಬುದನ್ನು ನ್ಯಾಯಾಲಯವು ಮನಗಂಡಿತು.

ಆ ಅಧಿನಿಯಮದ ಸ್ಥಾನದಲ್ಲಿ 2016ರ ಅಧಿನಿಯಮವು 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಹಿಂದೆ 7 ಬಗೆಯ ವೈಕಲ್ಯಗಳನ್ನು ಮಾತ್ರ ಪರಿಗಣಿಸಲಾಗುತ್ತಿತ್ತು, ಈಗ 21. ಸೇವೆಯಲ್ಲಿರುವಾಗ ವೈಕಲ್ಯ ಉಂಟಾದ ಸರ್ಕಾರಿ ನೌಕರರನ್ನು ವಜಾ ಮಾಡುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಹಳೆಯ ಕೆಲಸ ಸಾಧ್ಯವಾಗದಿದ್ದರೆ ಅದೇ ವೇತನಶ್ರೇಣಿಯ ಬೇರೆ ಹುದ್ದೆ ಕೊಡಬೇಕು. ಅಂತಹ ಹುದ್ದೆ ಇಲ್ಲದಿದ್ದರೆ ಅದು ದೊರೆಯುವವರೆಗೆ ಅಥವಾ ನಿವೃತ್ತಿಯವರೆಗೆ ಹೆಚ್ಚುವರಿ ಹುದ್ದೆಯಲ್ಲಿರಿಸಬೇಕು. ಆದರೆ ಸರ್ಕಾರವು ಅಧಿಸೂಚನೆಯ ಮೂಲಕ ಕೆಲವು ಸಂಸ್ಥೆಗಳಿಗೆ ವಿನಾಯಿತಿ ನೀಡಬಹುದು. ಕೇಂದ್ರ ಸಶಸ್ತ್ರ ಪಡೆಗಳ ಹೋರಾಟದ ಹುದ್ದೆಗಳಿಗೆ 2021ರಲ್ಲಿ ಹಾಗೆ ನೀಡಲಾಗಿದೆ.

ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶದ ನೀತಿಯನ್ನು ಪ್ರಕಟಿಸಬೇಕು. ಸರ್ಕಾರಿ ನೇಮಕಾತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳವರಿಗೆ ಕನಿಷ್ಠ ಶೇ. 4ರಷ್ಟು ಮೀಸಲಾತಿಯಿದೆ. ಅಧಿನಿಯಮವನ್ನು ಉಲ್ಲಂಘಿಸಿದವರಿಗೆ ಮೊದಲ ಸಲ 10,000 ರೂಪಾಯಿಗಳವರೆಗೆ, ಮತ್ತೆ ಉಲ್ಲಂಘಿಸಿದರೆ 50,000ದಿಂದ 5 ಲಕ್ಷ ರೂಪಾಯಿಗಳವರೆಗೆ ದಂಡವುಂಟು.

ಆದುದರಿಂದ ಬಂಧುಗಳಲ್ಲಿ ನಮ್ಮ ಬಿನ್ನಹವಿಷ್ಟೆ: ಸಂಕಟದ ಗಳಿಗೆಯಲ್ಲಿ ಯಾರೋ ಚಾಚಿದ ರಾಜೀನಾಮೆ ಪತ್ರಕ್ಕೆ ಸಹಿ ಹಾಕದಿರಿ. ವೈದ್ಯಕೀಯ ಮಂಡಳಿಯಿಂದ ಪ್ರಮಾಣಪತ್ರ ಪಡೆಯಿರಿ; ಬೇರೆ ಹುದ್ದೆಯನ್ನು ಲಿಖಿತವಾಗಿ ಕೋರಿ, ಪ್ರತಿಯನ್ನು ಕಾಪಾಡಿಕೊಳ್ಳಿ. ಸರ್ಕಾರಿ ಕಚೇರಿಯಲ್ಲಿ ಕುಂದುಕೊರತೆ ಅಧಿಕಾರಿಯಿರಬೇಕು. ಅಲ್ಲಿ ಪರಿಹಾರ ದೊರೆಯದಿದ್ದರೆ ಅಂಗವಿಕಲರ ರಾಜ್ಯ ಆಯುಕ್ತರಿಗೆ ದೂರು ಸಲ್ಲಿಸಬಹುದು. ಅವರು ಕೇಳುವುದು ನಮ್ಮ ಕನಿಕರವನ್ನಲ್ಲ, ದುಡಿದುಣ್ಣುವ ಹಕ್ಕನ್ನು. ಆ ಹಕ್ಕಿಗೆ ಮೊದಲು ಬೆಂಬಲವಾಗಿ ನಿಲ್ಲಬೇಕಾದವರು ಮನೆಯವರಾದ ನಾವೇ.